ಒಂದು ಸುತ್ತು ಜಾಯಿಕಾಯಿ

ತಿ. ನರಸೀಪುರ
8-6-1998

ಮಾನ್ಯ ಅಧ್ಯಕ್ಷರೇ, ಪಕ್ಷಪಾತವೆಂದರೇನೆಂದೇ ಅರಿಯದ ತೀರ್ಪುಗಾರರೇ, ಎದುರು ಪಕ್ಷದ ವಾಗ್ಮಿಗಳೇ, ಹಿಂದಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿರುವ ಮಹನೀಯರೇ,

ಈ ಘನ ಸಭೆಯ ಮುಂದಿರುವ ವಿಷಯ: ಎಳೆಯ ಮಕ್ಕಳ ತಾಯಂದಿರು ಸಂಬಳದ ಕೆಲಸಕ್ಕೆ ಹೋಗುವುದೇಕೆ? ನಾನು ವಿರೋಧ ಪಕ್ಷದಲ್ಲಿ ನಿಂತು ಮಾತನಾಡಲಿದ್ದೇನೆ. ಸಮಯ ಐದು ನಿಮಿಷ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸತಕ್ಕದ್ದು.

ನಗಬೇಡ ನಯನ. 1973ರಲ್ಲಿ ಮೈಸೂರಿನ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ತಂದವಳು ನಿನ್ನ ಈ ಚಿಕ್ಕಮ್ಮ. ಆ ಕಪ್ಪಿನಲ್ಲಿ ಈಗ ಸಾಸಿವೆ ಇದೆ. ಮದುವೆಯಾದ ವರ್ಷ ಸುತ್ತೂರು ಕಡೆಯ ಒಂದು ಶಾಲೆಯಿಂದ ನನಗೆ ಕೆಲಸದ ಆರ್ಡರು ಬಂದಿತ್ತು. ನಿನ್ನ ಚಿಕ್ಕಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. 'ಎಂಡ್ತಿ ದುಡುದು ತರೋವಷ್ಟು ಕೆಟ್ಟಿಲ್ಲ ಕಣೆ ಈ ಬೆಟ್ಟಸ್ವಾಮಿ ಮನೆ' ಅಂದರು. ಅಂದಿನಿಂದ ನನಗೆ ಸಭೆಯೇ ಸಿಕ್ಕಿಲ್ಲ. ಆದ್ದರಿಂದ ನೀನೇ ಸಭೆ. ಚಪ್ಪಾಳೆ ತಟ್ಟದಿದ್ದರೂ ಎದ್ದು ಹೋಗಬೇಡ.

ನಿನ್ನೆ ನೀನು ಬಿಂದುಶ್ರೀಯನ್ನು ನನ್ನ ಮಡಿಲಿಗೆ ಹಾಕಿ ನಂಜನಗೂಡಿನ ಬಸ್ಸು ಹತ್ತಿದಾಗ ಅತ್ತದ್ದು ಕೂಸಲ್ಲ, ನೀನು. ಕಂಡಕ್ಟರ್ ಚಿಕ್ಕಸ್ವಾಮಿ ಎರಡು ಸಲ ಸೀಟಿ ಊದಿ, ಮೂರನೆಯ ಸಲ ಊದಲು ಮನಸ್ಸಾಗದೆ ಸುಮ್ಮನೆ ನಿಂತಿದ್ದ. ಪಾಪದವನು. ಇನ್ನು ನಮ್ಮ ಕಾಗದಗಳನ್ನೂ ಅವನೇ ಕೈಯಲ್ಲಿ ತಂದು ಕೊಡುತ್ತಾನಂತೆ, ಅಂಚೆಗೆ ಹಾಕಿ ನಾಲ್ಕು ದಿನ ಕಾಯುವುದು ತಪ್ಪಿತು.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಬಸವೇಶ ಲೈಟು ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ. ಮಲಗಿದವನು ಕೂಸನ್ನು ಎತ್ತಲಾರ. ನೀನು ಗಾರ್ಮೆಂಟ್ಸ್ ಸೇರಿದೆ. ಅಲ್ಲಿಗೆ ಕೂಸನ್ನು ಒಯ್ಯುವಂತಿಲ್ಲ. ಹಾಗಂತ ನಾನೇ ಕೇಳಿ ಇಸಕೊಂಡೆನಲ್ಲ! ಹದಿನಾಲ್ಕು ತಿಂಗಳ ಕೂಸು, ಮಕ್ಕಳಿಲ್ಲದ ಮನೆ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿದೆ? ನನಗೆ ಇನ್ನೇನು ಬೇಕು, ಇನ್ನೇನು ಕೆಲಸ?

ರಾತ್ರಿ ಮಾತ್ರ ಬಹಳ ಅತ್ತಳು. ಬೆಳಿಗ್ಗೆ ಎದ್ದವಳೇ ನಿನ್ನ ಅವ್ವನ ತೇಯುವ ಕಲ್ಲು ಹುಡುಕಿ ತೆಗೆದೆ. ನೀನು ಕೂಸಾಗಿದ್ದಾಗ ಅಕ್ಕ ಅದೇ ಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು ಜಾಯಿಕಾಯಿ ತೇಯ್ದು ನಿನ್ನ ನಾಲಿಗೆಗೆ ನೆಕ್ಕಿಸುತ್ತಿದ್ದಳು. ಅವಳ ಲೆಕ್ಕ ನನಗೆ ಚೆನ್ನಾಗಿ ನೆನಪಿದೆ: 'ಒಂದು ಸುತ್ತು ಹೊಟ್ಟೆಗೆ, ಎರಡನೇದು ನಿದ್ದೆಗೆ, ಮೂರನೇದು ಬೇಡ ಕಣೇ.' ನಾನು ಒಂದೇ ಸುತ್ತು ತೇಯ್ದೆ. ನಿನ್ನ ಮಗಳು ಮುಖ ಹಿಂಡಿ, ನನ್ನನ್ನೊಮ್ಮೆ ಬೈದು, ನಿದ್ದೆ ಹೋದಳು.

ಒಂದು ಸುತ್ತಿಗೆ ಆಕಳಿಕೆ,
ಎರಡು ಸುತ್ತಿಗೆ ತೂಕಡಿಕೆ.

ಗಂಟೆ ಬಾರಿಸಿತು. ಕೂರುತ್ತೇನೆ.

ಇಂತಿ ನಿನ್ನ ಚಿಕ್ಕಮ್ಮ,
ಪುಟ್ಟಬಸಮ್ಮ, ಬಿ.ಎ.
(ಡಿಗ್ರಿ ಬರೆದುಕೊಳ್ಳಲು ಬೇರೆ ಜಾಗವಿಲ್ಲ, ಕ್ಷಮಿಸು.)


ನಂಜನಗೂಡು
21-6-1998

ಮಾತೃಶ್ರೀ ಸಮಾನರಾದ ಚಿಕ್ಕಮ್ಮನವರಿಗೆ ನಯನ ಮಾಡುವ ನಮಸ್ಕಾರಗಳು.

ನಿಮ್ಮಂತೆ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ಕಾಗದ ಓದಿ ಇವರು ಮಲಗಿದಲ್ಲೇ ನಕ್ಕರು, ಸೊಂಟ ನೋಯುತ್ತೆ ಅಂತ ಮತ್ತೆ ಬೈದರು.

ಕೆಲಸ ಕಲಿತೆ. ನನಗೆ ಕಾಲರ್ ಕೊಟ್ಟಿದ್ದಾರೆ. ಬೆಳಗಿನಿಂದ ಸಂಜೆವರೆಗೆ ಬರೀ ಕಾಲರ್; ಅಂಗಿ ಹೇಗಿರುತ್ತೆ ಅಂತ ಇನ್ನೂ ನೋಡಿಲ್ಲ. ಹಾಲು ಬಿಡಿಸಿ ಎರಡು ವಾರವಾದರೂ ಮೆಷಿನ್ ಮುಂದೆ ಕೂತಾಗ ಇದ್ದಕ್ಕಿದ್ದಂತೆ ರವಿಕೆ ಒದ್ದೆಯಾಗುತ್ತೆ. ಎಲ್ಲೋ ಯಾವುದೋ ಕೂಸು ಅತ್ತ ಹಾಗೆ ಕೇಳಿದರೆ ಸಾಕು. ಪಕ್ಕದ ಮೆಷಿನ್ನಿನವಳು ಏನೂ ಕೇಳದೆ ಕರ್ಚೀಫು ಕೊಡುತ್ತಾಳೆ. ಅವಳಿಗೂ ಮನೆಯಲ್ಲಿ ಆರು ತಿಂಗಳದ್ದು ಇದೆ.

ಬಿಂದು 'ಅವ್ವ' ಅಂತ ಕೇಳುತ್ತಾಳಾ? ಇಲ್ಲಿಂದ ಹೊರಡುವಾಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು. ಈಗ ಗೋಡೆ ಬಿಟ್ಟಿರಬೇಕು. ಮೊದಲು ಬಿಟ್ಟ ದಿನ ತಾರೀಕು ಬರೆದಿಡಿ ಚಿಕ್ಕಮ್ಮ.

ಜಾಯಿಕಾಯಿ ವಿಷಯ ನಮ್ಮ ವಠಾರದ ಚನ್ನಾಜಮ್ಮನಿಗೆ ಹೇಳಿದೆ. 'ಒಂದ್ ಸುತ್ತಾದ್ರೆ ಒಳ್ಳೇದೇ ಕಣವ್ವಾ' ಅಂದರು.

ಇಂತಿ ನಿಮ್ಮ ಮಗಳು,
ನಯನ


ತಿ. ನರಸೀಪುರ
12-7-1998

ಮಾನ್ಯ ಅಧ್ಯಕ್ಷರೇ,

ಎದುರು ಪಕ್ಷದ ಮಾತು ಕೇಳಿ ಸಭಾಂಗಣ ಕಣ್ಣೊರೆಸಿಕೊಂಡಿತೆಂದು ವರದಿಯಾಗಿದೆ. ಒದ್ದೆ ರವಿಕೆಯ ಮಾತನ್ನು ಎತ್ತಿದವರ ಎದುರು ವಾದ ಗೆಲ್ಲುವುದು ಕಷ್ಟ. ಇದು ನಿಯಮಬಾಹಿರ.

ನಿನ್ನ ಮಗಳು ಕ್ಷೇಮ. ಬೆಳಿಗ್ಗೆ ಹತ್ತಕ್ಕೆ ಮಲಗಿದರೆ ಒಂದಕ್ಕೆ ಏಳುತ್ತಾಳೆ. ಅಂಗಡಿಯಿಂದ ಊಟಕ್ಕೆ ಬಂದ ನಿನ್ನ ಚಿಕ್ಕಪ್ಪ ಬಗ್ಗಿ ನೋಡಿ, 'ಅದೇನ್ ಕೂಸೇ ಇದು, ಉಸ್ರೇ ಎತ್ತಕಿಲ್ವಲ್ಲ! ಸನ್ಯಾಸಿ ಉಟ್ಟವನೆ ನಿಮ್ಮೋರ್ ಮನೇಲಿ' ಅಂದರು. ಅವರಿಗೆ ಕೂಸು ಗಂಡೋ ಹೆಣ್ಣೋ ಇನ್ನೂ ಖಚಿತವಾಗಿಲ್ಲ. ಅದಾದ ಮೇಲೆ ಅವರು ಊಟವನ್ನೂ ಅಂಗಡಿಗೇ ತರಿಸಿಕೊಳ್ಳುತ್ತಿದ್ದಾರೆ. ಸದ್ದು ಮಾಡಿದರೆ ಕೂಸು ಎದ್ದೀತೆಂಬ ಭಯವಂತೆ.

ಇಲ್ಲೊಂದು ತಮಾಷೆ ನಡೆದಿದೆ. ಬೆಂಗಳೂರಿನ ಯಾವುದೋ ಸಂಸ್ಥೆಯವರು ತಾಲ್ಲೂಕಿಗೆಲ್ಲ ಸಮೀಕ್ಷೆ ಹಮ್ಮಿಕೊಂಡಿದ್ದಾರೆ. ವಿಷಯ ಏನು ಗೊತ್ತೇ? ನಮ್ಮದೇ! ಐದು ವರ್ಷದೊಳಗಿನ ಮಕ್ಕಳ ತಾಯಂದಿರು ಕೂಲಿಗೆ, ಸಂಬಳಕ್ಕೆ ಏಕೆ ಹೋಗುತ್ತಾರೆ? ಫಾರಂನಲ್ಲಿ ಆರು ಚೌಕಗಳಿವೆಯಂತೆ. ಗಂಡನ ದುಡಿಮೆ ಸಾಲದು, ಗಂಡನಿಗೆ ಕಾಯಿಲೆ, ಗಂಡನಿಲ್ಲ, ಮನೆ ಕಟ್ಟಲು, ಮಕ್ಕಳ ಓದಿಗೆ. ಕೊನೆಯ ಚೌಕದ ಹೆಸರು 'ಇತರೆ'. ಮನೆ ಮನೆಗೆ ಹೋಗಿ ಕೇಳಿ ಟಿಕ್ ಹಾಕುವ ಕೆಲಸಕ್ಕೆ ಕನ್ನಡ ಚೆನ್ನಾಗಿ ಬಲ್ಲ ಪದವೀಧರ ಹೆಂಗಸರು ಬೇಕೆಂದು ಬಸ್‌ ಸ್ಟ್ಯಾಂಡಿನ ಗೋಡೆಯಲ್ಲಿ ಚೀಟಿ ಅಂಟಿಸಿದ್ದರು. ಯಾರೋ ಹೋಗುತ್ತಿದ್ದಾರೆ, ಪಾಪ, ಬಿಸಿಲಿನಲ್ಲಿ.

ನಮ್ಮ ಬೀದಿಯ ನಲ್ಲಿಯ ಹತ್ತಿರ ಒಬ್ಬಳು ಉತ್ತರ ಕೊಟ್ಟದ್ದನ್ನು ನಾನೇ ಕೇಳಿದೆ. 'ಗಂಡನ್ ಕೈ ನೋಡ್ಕಂಡ್ ಎಷ್ಟ್ ದಿನ ಕೂರದವ್ವಾ? ನಂಗೂ ಎಲ್ಡ್ ಕೈ ಅವೆ.' ಇದು ಯಾವ ಚೌಕಕ್ಕೆ ಸೇರುತ್ತದೋ ಹೇಳು ನೋಡೋಣ.

ಜಾಯಿಕಾಯಿ ಮುಗಿಯುತ್ತಾ ಬಂತು. ಇಲ್ಲಿಯ ಅಂಗಡಿಯದು ಹುಳುಕು. ನಂಜನಗೂಡಿನ ಬಜಾರಿನಲ್ಲಿ ಒಳ್ಳೆಯದು ಸಿಗುತ್ತದೆ, ಒಂದು ತೆಗೆದು ಚಿಕ್ಕಸ್ವಾಮಿಯ ಕೈಯಲ್ಲಿ ಕಳಿಸು.

ಮೂರು ಸುತ್ತಿಗೆ ಮುಗಿಯಿತು ಬೇಡಿಕೆ.

ಪ್ರಾಸ ಸಿಕ್ಕಿತೆಂದು ಬರೆದೆ. ಗಾಬರಿಯಾಗಬೇಡ.

ಪುಟ್ಟಬಸಮ್ಮ, ಬಿ.ಎ.


ನಂಜನಗೂಡು
3-8-1998

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿನ್ನೆ ಬಂದು ಹೋದಾಗಿನಿಂದ ಮನಸ್ಸು ಸರಿಯಿಲ್ಲ. ತಪ್ಪು ತಿಳಿಯಬೇಡಿ. ಬಿಂದು ನನ್ನ ಗುರುತೇ ಹಿಡಿಯಲಿಲ್ಲ. ಎಂಟು ವಾರಕ್ಕೇ ಮರೆಯುತ್ತಾರಾ? ಅಳುತ್ತಾಳೆ, ಮುನಿಸಿಕೊಳ್ಳುತ್ತಾಳೆ, ನನ್ನ ಮುಖಕ್ಕೆ ಹೊಡೆಯುತ್ತಾಳೆ ಅಂತೆಲ್ಲ ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದೆ. ಅದೇನೂ ಆಗಲಿಲ್ಲ. ಹೆಗಲ ಮೇಲೆ ಹಾಕಿಕೊಂಡರೆ ಒಗೆದು ಹಿಂಡಿದ ಬಟ್ಟೆ ಹಾಗೆ ಬಿದ್ದಿದ್ದಳು. ಕಣ್ಣು ಬಿಟ್ಟಿತ್ತು, ಆದರೆ ಎಲ್ಲೋ ನೋಡುತ್ತಿತ್ತು.

ನೀವು 'ರಾತ್ರಿಯೆಲ್ಲ ಹಲ್ಲಿನ ನೋವು, ಅದಕ್ಕೇ ಮಂಕು' ಅಂದಿರಿ. ಸರಿ ಅಂದುಕೊಂಡೆ. ಗೋಡೆ ಹಿಡಿಸಿ ನಿಲ್ಲಿಸಿದರೆ ಕೂತುಬಿಟ್ಟಳು. ಮೊದಲು ನಡೆಯುತ್ತಿದ್ದಳಲ್ಲ ಚಿಕ್ಕಮ್ಮ.

ಇವರು ಕೋಲು ಹಿಡಿದು ಬಚ್ಚಲವರೆಗೆ ಹೋಗುತ್ತಿದ್ದಾರೆ. ಇನ್ನೆರಡು ತಿಂಗಳು ಅಂದಿದ್ದಾರೆ ಡಾಕ್ಟರು. ಮುಂದಿನ ಭಾನುವಾರಗಳೆಲ್ಲ ಓವರ್‌ಟೈಮ್ ಇದೆ, ಬರಲಾಗುವುದಿಲ್ಲ.

ಜಾಯಿಕಾಯಿ ಒಂದು ಕಳಿಸಿದ್ದೇನೆ. ದೊಡ್ಡದೇ ಆರಿಸಿದೆ.

ನಯನ


ತಿ. ನರಸೀಪುರ
30-8-1998

ಮಾನ್ಯ ಅಧ್ಯಕ್ಷರೇ, ಮಹನೀಯರೇ, ಮಹಿಳೆಯರೇ,

ಎದುರು ಪಕ್ಷದವರು 'ನಡೆಯುತ್ತಿಲ್ಲ, ನಡೆಯುತ್ತಿಲ್ಲ' ಎಂದು ಗದ್ದಲ ಎಬ್ಬಿಸಿದ್ದಾರೆ. ಈ ದೇಶದಲ್ಲಿ ಐವತ್ತು ವರ್ಷವಾದರೂ ನಡೆಯದಿರುವ ಎಷ್ಟೋ ಸಂಗತಿಗಳಿವೆ. ಹದಿನೇಳು ತಿಂಗಳ ಕೂಸಿಗೆ ಏನವಸರ? ನೀನೇ ಒಂದೂವರೆ ವರ್ಷಕ್ಕೆ ನಡೆದವಳು. ಅಲ್ಲಿಯವರೆಗೂ ನನ್ನ ಸೊಂಟವೇ ನಿನ್ನ ಸವಾರಿ.

ಕೂಸು ಬೆಳ್ಳಗಾಗಿದ್ದಾಳೆ. ಬಿಸಿಲಿಗೆ ಬಿಟ್ಟರೆ ತಾನೇ ಕಪ್ಪಾಗುವುದು! ಅವಳಿಗೆ ಹಾಸಿಗೆ, ದಿಂಬು, ಎರಡು ದುಪ್ಪಟಿ, ಮಹಾರಾಣಿಯ ವೈಭೋಗ. ಊಟ ಸ್ವಲ್ಪ ಕಡಿಮೆ. ಹಟ ಇಲ್ಲ, ಗಲಾಟೆ ಇಲ್ಲ, ಬೀದಿಯವರಿಗೆ ನಮ್ಮ ಮನೆಯಲ್ಲಿ ಕೂಸಿದೆಯೆಂದೇ ಮರೆತುಹೋಗಿದೆ.

ಸಮೀಕ್ಷೆಯ ಸುದ್ದಿ ಕೇಳು. ಇದು ನಿಜವಾಗಿ ಸ್ವಾರಸ್ಯ. ಸೋಮನಾಥಪುರದಲ್ಲಿ ಮುದ್ದಮ್ಮ ಅಂತ ಒಬ್ಬಳು, ಎರಡು ಚಿಕ್ಕ ಮಕ್ಕಳು, ಕಬ್ಬಿನ ಗದ್ದೆಗೆ ಸೋಗೆ ಸುಲಿಯಲು ಹೋಗುತ್ತಾಳೆ. 'ಏಕೆ ಹೋಗುತ್ತೀಯಮ್ಮ?' ಎಂದರೆ ಸೊಂಟಕ್ಕೆ ಕೈಯಿಟ್ಟು ನಿಂತಳು.

'ಯಾಕ್ ಓಯ್ತೀಯ ಅಂತ ನನ್ ಕೇಳ್ತೀರಲ್ಲವ್ವಾ, ಮನೇಲಿದ್ದಾಗ ಯಾಕಮ್ಮಿ ಮನೇಲಿದ್ದೀಯ ಅಂತ ಯಾರಾರಾ ಬಂದ್ ಕೇಳಿದ್ರಾ?'

ಪಕ್ಕದಲ್ಲಿದ್ದ ಅವಳ ಅತ್ತೆ, 'ಬಾಯಿ ನೋಡು ಬಾಯಿ! ಸರ್ಯಾಗ್ ಏಳಮ್ಮಿ, ಗೌರ್ಮೆಂಟಿಂದ ಬಂದವ್ರೆ' ಅಂದಳು.

'ಸರ್ಯಾಗೇ ಏಳ್ತಿವ್ನಿ. ಗದ್ದೇಲಾದ್ರೆ ಮದ್ಯಾನ್ದಾಗ ಒಂದ್ ಗಳ್ಗೆ ನೆಳ್ಳಲ್ ಕೂತ್ಕತೀವಿ. ನಾಕ್ ಜನ ಎಂಗುಸ್ರು ಸೇರ್ಕಂಡ್ ನಗ್ತೀವಿ. ಈ ಅಟ್ಟೀಲಿ ಆ ಗಳ್ಗೆ ಎಲ್ಲದೆ? ಬರ್ಕಳಿ, ನಗಕ್ ಓಯ್ತಳೆ ಅಂತ ಬರ್ಕಳಿ!'

'ನಗಲು' ಎಂಬ ಚೌಕ ಇಲ್ಲ. 'ಇತರೆ'ಗೆ ಹೋಯಿತು. ನಯನ, ಸುಮ್ಮನೆ ಹೇಳುತ್ತೇನೆ, ಅರ್ಧಕ್ಕರ್ಧ ಹೆಂಗಸರು 'ಇತರೆ'ಗೇ ಹೋಗುತ್ತಿದ್ದಾರೆ. ಗಂಡನ ಕಾಯಿಲೆ, ಮಕ್ಕಳ ಓದು ಎಂದು ಮೊದಲು ಬಾಯಲ್ಲಿ ಬರುತ್ತದೆ. ಪೆನ್ನು ಮುಚ್ಚಿದ ಮೇಲೆ, ಮಜ್ಜಿಗೆ ಕೊಡುತ್ತಾ, ಇನ್ನೊಂದು ಬರುತ್ತದೆ. ಮುದ್ದಮ್ಮನ ಮಜ್ಜಿಗೆಗೆ ಉಪ್ಪು ಮಾತ್ರ ಜಾಸ್ತಿ.

ಅವಳು ಕಿರಿಯ ಕೂಸನ್ನು ಹಳೇ ಸೀರೆಯಿಂದ ಕಂಬಕ್ಕೆ ಕಟ್ಟಿ ಹೋಗುತ್ತಾಳಂತೆ! ಅತ್ತೆಗೆ ಕಣ್ಣು ಮಂಜು, ಓಡುವ ಕೂಸನ್ನು ಹಿಡಿಯಲಾರಳು. ಕೂಸಿನ ಸೊಂಟದಲ್ಲಿ ಸೀರೆಯ ಗುರುತು ಇತ್ತು. ಕರುಳು ಕಿತ್ತು ಬರುತ್ತದೆ. ನಮ್ಮ ಬಿಂದುವಿಗೆ ಅಂಥ ಗತಿ ಇಲ್ಲ.

ಕಟ್ಟಿಲ್ಲ ಕಂಬಕ್ಕೆ, ಬಿಟ್ಟಿಲ್ಲ ಬೀದಿಗೆ,
ಐದೇ ಸುತ್ತಿಗೆ ಅರ್ಧ ದಿನ ನಿದ್ದೆಗೆ.

ಇನ್ನೊಂದು ಜಾಯಿಕಾಯಿ ಬೇಕಿತ್ತು. ಅವಸರವಿಲ್ಲ, ಆದರೆ ಈ ವಾರವೇ ಕಳಿಸು.

ಪುಟ್ಟಬಸಮ್ಮ, ಬಿ.ಎ.


ನಂಜನಗೂಡು
20-9-1998

ಚಿಕ್ಕಮ್ಮನವರಿಗೆ,

ಇವರು ಕೋಲು ಬಿಟ್ಟರು. ಕಂಬ ಹತ್ತುವುದು ಬೇಡ ಅಂತ ಸ್ಟೋರಿನಲ್ಲಿ ಕೂರಿಸಿದ್ದಾರೆ, ಸೋಮವಾರದಿಂದ ಹೋಗುತ್ತಿದ್ದಾರೆ. ಮೊದಲ ದಿನ ಸಂಜೆ ಬಂದವರೇ, 'ಇನ್ನೇನ್ ನಯನ, ನಾನ್ ಎದ್ದೆ. ಕೆಲ್ಸ ಬುಟ್ಟು ಬಿಂದೂನ್ ಕರ್ಕಂಡ್ ಬಾ' ಅಂದರು.

ನಾನು ಹಬ್ಬ ಕಳೆಯಲಿ ಅಂದೆ.

ಯಾಕೆ ಹಾಗಂದೆ ಅಂತ ಎರಡು ದಿನ ಯೋಚಿಸಿದೆ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಮಲಗಿದ್ದ ಗಂಡನಿಗೋಸ್ಕರ ಹೋದೆ ಅಂತ ಎಲ್ಲರೂ ಹೊಗಳಿದರು. ಈಗ ಅವರು ಎದ್ದಿದ್ದಾರೆ, ನನಗೆ ಬಿಡಲು ಮನಸ್ಸಿಲ್ಲ. ಅಲ್ಲಿ ನಲವತ್ತು ಜನ ನನ್ನನ್ನು ನಯನ ಅಂತ ಕರೆಯುತ್ತಾರೆ. ನನ್ನ ಕಾಲರ್ ಮಡಿಕೆ ನೋಡಿ ಸೂಪರ್‌ವೈಸರ್ ಹೊಸಬರಿಗೆ ತೋರಿಸಿದರು. ಇಷ್ಟಕ್ಕೆ ಹೆತ್ತ ಕೂಸನ್ನು ಬಿಟ್ಟಿರುತ್ತಾಳಾ ಅಂತ ನಿಮ್ಮ ಸಭೆ ಕೇಳಬಹುದು.

ಇನ್ನೆರಡು ಮಾತು. ನಾನು ಬಂದಿದ್ದಾಗ ನೀವು ಬಿಂದುವನ್ನು ಬಿಟ್ಟು ಬೀದಿ ದಾಟುವುದಿಲ್ಲ ಅಂದಿದ್ದಿರಿ. ಮುದ್ದಮ್ಮನ ಮಜ್ಜಿಗೆಗೆ ಉಪ್ಪು ಜಾಸ್ತಿ ಅಂತ ನಿಮಗೆ ಹೇಗೆ ಗೊತ್ತಾಯಿತು?

ಎರಡನೆಯದು. ಹೊಸ ಜಾಯಿಕಾಯಿ ತರಲು ಹೊರಟಾಗ ಚನ್ನಾಜಮ್ಮ ತಡೆದರು. 'ಇನ್ನೊಂದಾ? ಮನ್ನೆ ತಾನೇ ಒಂದ್ ಕಳುಸ್ದೆ!' ಅಂದವರು ಒಳಗೆ ಹೋಗಿ ಒಂದು ಡಬ್ಬಿ ತಂದರು. ಅದರಲ್ಲಿ ಅರ್ಧ ಸವೆದ ಜಾಯಿಕಾಯಿ. 'ನನ್ ಆರ್ ಮಕ್ಳು, ಮೂರ್ ಮೊಮ್ಮಕ್ಳು, ಎಲ್ರುನೂ ಇದೊಂದ್ರಲ್ಲೇ ಸಾಕಿದ್ದು ಕಣವ್ವಾ. ಇನ್ನೂ ಅರ್ದ ಮಿಕ್ಕದೆ. ಮೂರ್ ತಿಂಗ್ಳಲ್ಲಿ ಎಲ್ಡ್ ಕಾಯಿ ಸವುಸೋರು ಅದೇನ್ ಗಂಧ ತೇಯ್ತಾವ್ರಾ?'

ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಕಾಯಿ ಕಳಿಸಿಲ್ಲ.

ನಯನ


ತಿ. ನರಸೀಪುರ
24-9-1998

ಅಧ್ಯಕ್ಷರೇ,

ಎದುರು ಪಕ್ಷದವರು ವಿಷಯ ಬಿಟ್ಟು ವಕ್ತಾರರ ಅಡುಗೆಮನೆಗೆ ನುಗ್ಗಿದ್ದಾರೆ. ಮಜ್ಜಿಗೆಯ ಉಪ್ಪು, ಜಾಯಿಕಾಯಿಯ ಸವೆತ! ತೀರ್ಪುಗಾರರು ಗಮನಿಸಬೇಕು.

ನಮ್ಮ ಕಲ್ಲು ಒರಟು, ಬೇಗ ಸವೆಯುತ್ತದೆ. ಸಾರಿಗೂ ಸ್ವಲ್ಪ ಹಾಕುತ್ತೇನೆ. ಉಪ್ಪಿನ ಮಾತು ಯಾರೋ ಹೇಳಿದ್ದು, ಬರೆಯುವ ರಭಸದಲ್ಲಿ ಸೇರಿತು. ಇಪ್ಪತ್ಮೂರು ವರ್ಷ ಒಲೆಯ ಮುಂದೆ ಕೂತವಳಿಗೆ ಒಂದು ಕೂಸು ನೋಡಿಕೊಳ್ಳುವುದನ್ನು ನಿನ್ನ ವಠಾರದ ಮುದುಕಿ ಕಲಿಸಬೇಕಾಗಿಲ್ಲ.

ಬಿಂದುವಿಗೆ ನೆಗಡಿ. ಈ ಭಾನುವಾರ ಬರಬೇಡ, ನಿನಗೂ ಅಂಟೀತು. ಹಬ್ಬ ಕಳೆದ ಮೇಲೆ ಬಾ. ಕೆಲಸ ಬಿಡಬೇಡ. ಯಾರು ಏನೇ ಅಂದರೂ ಬಿಡಬೇಡ ನಯನ, ಇದೊಂದು ಮಾತು ಮಾತ್ರ ತಮಾಷೆಯಲ್ಲ. ಬೀರುವಿನೊಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ.

ಪ್ರಾಸ ಇವತ್ತು ಹೊಳೆಯುತ್ತಿಲ್ಲ.

ಪುಟ್ಟಬಸಮ್ಮ, ಬಿ.ಎ.


ನಂಜನಗೂಡು
8-10-1998

ಚಿಕ್ಕಮ್ಮ,

ನಿನ್ನೆ ಕರೆಂಟು ಹೋಗಿ ಕಾರ್ಖಾನೆಯವರು ಹನ್ನೊಂದಕ್ಕೇ ಬಿಟ್ಟರು. ಇವರಿಗೂ ಹೇಳದೆ ಬಸ್ಸು ಹತ್ತಿದೆ. ನಿಮ್ಮ ಮನೆ ಮುಟ್ಟಿದಾಗ ಎರಡು ಗಂಟೆ.

ಬಾಗಿಲಿಗೆ ಬೀಗ ಇತ್ತು.

ಎದುರು ಮನೆಯವರನ್ನು ಕೇಳಿದೆ. 'ಪುಟ್ಟಬಸಮ್ಮಾರಾ? ಬೆಳಗ್ಗೇನೆ ಎಗಲ್ಗೆ ಬ್ಯಾಗ್ ತಗಲಾಕಂಡ್ ಓದ್ರಲ್ಲ' ಅಂದರು. 'ಕೂಸು?' ಅಂದೆ. ಅವರು ನನ್ನ ಮುಖ ನೋಡಿದರು. 'ಕೂಸಾ? ಗೊತ್ತಿಲ್ಲ ಕಣವ್ವಾ, ಜೊತೇಲೇ ಕರ್ಕಂಡ್ ಓಗಿರಬೈದು' ಅಂದರು.

ಬಿಂದುವಿಗೆ ನೆಗಡಿ ಜಾಸ್ತಿಯಾಗಿ ಡಾಕ್ಟರ ಹತ್ತಿರ ಹೋಗಿದ್ದಿರೇನೋ. ಅಂಗಡಿಗೆ ಹೋಗಿ ಚಿಕ್ಕಪ್ಪನನ್ನು ಕೇಳೋಣ ಅಂದುಕೊಂಡೆ; ಕೆಲಸ ಬಿಟ್ಟು ಬಂದಿದ್ದೀಯ ಅಂತ ಬೈದಾರು ಅಂತ ಹೋಗಲಿಲ್ಲ. ಕಿಟಕಿಯ ಒಂದು ಬಾಗಿಲು ತೆರೆದಿತ್ತು. ಒಳಗೆ ಕತ್ತಲೆ. ಮಂಚದ ಮೇಲೆ ದುಪ್ಪಟಿಯ ರಾಶಿ ಕಂಡಿತು. ಸುಮ್ಮನೆ ಕೂಗಿದೆ, ಬಿಂದೂ, ಬಿಂದೂ ಅಂತ. ನಾಲ್ಕು ಸಲ ಕೂಗಿದೆ. ಖಾಲಿ ಮನೆಗೆ ಯಾಕೆ ಕೂಗಿದೆನೋ ಗೊತ್ತಿಲ್ಲ.

ಕಾರ್ಖಾನೆಯ ಚೂರು ಬಟ್ಟೆಯಲ್ಲಿ ಅವಳಿಗೊಂದು ಫ್ರಾಕು ಹೊಲಿದಿದ್ದೆ. ಕಾಲರ್ ಇಟ್ಟಿದ್ದೇನೆ. ಕಂಬಿಯೊಳಗಿಂದ ಎಸೆದೆ, ನೆಲದ ಮೇಲೆ ಬಿದ್ದಿದೆ. ಮೂರು ಗಂಟೆ ಬಸ್ಸು ಹಿಡಿದು ವಾಪಸ್ಸು ಬಂದೆ.

ಈ ಭಾನುವಾರ ಇಬ್ಬರೂ ಬರುತ್ತೇವೆ. ಅವಳನ್ನು ಕರೆದುಕೊಂಡು ಹೋಗುತ್ತೇವೆ. ಕೆಲಸದ ಮಾತು ಆಮೇಲೆ ನೋಡೋಣ.

ನಯನ


ಆಸ್ಪತ್ರೆ, ತಿ. ನರಸೀಪುರ
9-10-1998, ಮಧ್ಯಾಹ್ನ ಮೂರೂವರೆ

ಮಾನ್ಯ ಅಧ್ಯ

ಅಭ್ಯಾಸಬಲದಿಂದ ಕೈ ಬರೆಯಿತು. ಯಾವ ಸಭೆಯೂ ಇಲ್ಲ ನಯನ.

ಬಿಂದು ಏಳುತ್ತಿಲ್ಲ. ಉಸಿರಾಡುತ್ತಿದ್ದಾಳೆ, ಅದನ್ನು ಮೊದಲು ಓದಿಕೋ. ಗ್ಲೂಕೋಸು ಹಾಕಿದ್ದಾರೆ. ಒಂದು ಸಲ ಕಣ್ಣು ಬಿಟ್ಟಳು, ಮತ್ತೆ ಮುಚ್ಚಿದಳು. ಇನ್ನೊಂದು ಗಂಟೆ ನೋಡಿ ಮೈಸೂರಿಗೆ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಇದನ್ನು ನಾಲ್ಕು ಗಂಟೆ ಬಸ್ಸಿನ ಚಿಕ್ಕಸ್ವಾಮಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನೇರ ಕಾರ್ಖಾನೆಯ ಗೇಟಿಗೇ ಹೋಗಿ ಕೊಡು ಎಂದಿದ್ದೇನೆ. ಬಸವೇಶನನ್ನು ಕರೆದುಕೊಂಡು ಅವನ ಜೊತೆಯಲ್ಲೇ ಹೊರಟು ಬಾ.

ಮೊನ್ನೆ ನೀನು ಕೂಗಿದೆಯಲ್ಲ, ಮನೆ ಖಾಲಿ ಇರಲಿಲ್ಲ. ಆ ದುಪ್ಪಟಿಯ ರಾಶಿಯೊಳಗೆ ಅವಳಿದ್ದಳು.

ಜೂನ್ ಕೊನೆಯಿಂದ ಆ ಸಮೀಕ್ಷೆಗೆ ಹೋಗುತ್ತಿದ್ದವಳು ನಾನು. 'ಯಾರೋ' ಅಂದದ್ದೆಲ್ಲ ನಾನೇ. ಮೊದಲು ನಮ್ಮ ಬೀದಿ, ಒಂದು ಗಂಟೆ. ಆಮೇಲೆ ಊರು, ಆಮೇಲೆ ಹಳ್ಳಿಗಳು. ಸೋಮನಾಥಪುರಕ್ಕೆ ಹೋಗಿ ಬರಲು ಅರ್ಧ ದಿನ ಬೇಕು. ಅರ್ಧ ದಿನ ಅವಳು ಮಲಗಿರಬೇಕು. ಓಡಾಡಿ ಬಿದ್ದಾಳೆಂದು, ಅತ್ತರೆ ಎದುರು ಮನೆಗೆ ಕೇಳೀತೆಂದು, ತೇಯ್ದೆ. ನೀನು ಕಾಯಿ ಕಳಿಸದಿದ್ದಾಗ ಇಲ್ಲಿಯ ಅಂಗಡಿಯ ಹುಳುಕನ್ನೇ ತಂದು ತೇಯ್ದೆ. ನಿನ್ನ ಚಿಕ್ಕಪ್ಪ ಒಂಬತ್ತಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಅವರಿಗೆ ಇವತ್ತೂ ಪೂರ್ತಿ ಗೊತ್ತಿಲ್ಲ.

ನಿನ್ನೆ ಸಂಜೆ ನಿನ್ನ ಕಾಗದ ಬಂತು. ಫ್ರಾಕನ್ನು ಮೊನ್ನೆಯೇ ಎತ್ತಿ ಮಡಿಸಿಟ್ಟಿದ್ದೆ. ಸಾಕು, ಇನ್ನು ಬಿಟ್ಟೆ ಅಂದುಕೊಂಡೆ. ಆದರೆ ಕೊನೆಯ ಒಂದೇ ಒಂದು ಹಳ್ಳಿ ಉಳಿದಿತ್ತು. ಇವತ್ತು ಬೆಳಿಗ್ಗೆ ಹೋದೆ. ಎರಡಕ್ಕೆ ಬಂದು ಎಬ್ಬಿಸಿದರೆ ಕೈ ಎತ್ತಿದಲ್ಲಿಂದ ಬಿತ್ತು.

ಏಕೆ ಹೋದೆ ಎಂದು ನೀನು ಕೇಳುತ್ತೀಯ. ದುಡ್ಡಿಗಲ್ಲ. ನೀನು ಕೆಲಸ ಬಿಡಬೇಕಾದೀತೆಂದು ನಾನು ಬಾಯಿ ಮುಚ್ಚಿಕೊಂಡೆ ಎಂದು ಬರೆದರೆ ಚೆಂದ ಕಾಣುತ್ತದೆ. ಅದೂ ಪೂರ್ತಿ ನಿಜವಲ್ಲ. ಕೂಸು ಬೇಕು ಬೇಕು ಎಂದು ಕೇಳಿ ಪಡೆದವಳು ನಾನು. ಮೂರನೆಯ ವಾರಕ್ಕೆ ಮಧ್ಯಾಹ್ನಗಳು ಮುಗಿಯಲಿಲ್ಲ. ಬಸ್‌ ಸ್ಟ್ಯಾಂಡಿನ ಚೀಟಿ ನೋಡಿ ಹೋದೆ. ಒಬ್ಬ ಹುಡುಗಿ ಹೆಸರೇನು ಎಂದಳು, ಓದೇನು ಎಂದಳು. ಒಂದು ಕಾರ್ಡಿನ ಮೇಲೆ ಬರೆದು ನನ್ನ ಕೊರಳಿಗೆ ಹಾಕಿದಳು. ಪುಟ್ಟಬಸಮ್ಮ, ಬಿ.ಎ. ಬೇರೆಯವರ ಕೈಬರಹದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಆ ಕಾರ್ಡು ಹಾಕಿಕೊಂಡು ನೂರಾ ಎಪ್ಪತ್ತು ಹೆಂಗಸರನ್ನು, ಕೂಸನ್ನು ಎಲ್ಲಿ ಬಿಟ್ಟು ಬರುತ್ತೀರಿ ಎಂದು ಕೇಳಿದೆ. ಅದು ಹದಿನಾರನೆಯ ಪ್ರಶ್ನೆ. ಒಬ್ಬಳೂ ನನ್ನನ್ನು ತಿರುಗಿ ಕೇಳಲಿಲ್ಲ.

ಡಾಕ್ಟರಮ್ಮ ಏನು ಕೊಟ್ಟಿರಿ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಏನಿಲ್ಲ ಅಂದೆ. ಮೂರನೆಯ ಸಲ ಜಾಯಿಕಾಯಿ ಅಂದೆ. ಅವರು ಬರೆದುಕೊಳ್ಳಲು ಪೆನ್ನು ತೆಗೆದು, ಎಷ್ಟು ಸುತ್ತು ತೇಯ್ದಿರಿ ಎಂದು ಕೇಳಿದರು.

ನನಗೆ ಗೊತ್ತಿಲ್ಲ ನಯನ. ಎಣಿಸುವುದನ್ನು ಬಿಟ್ಟು ಒಂದು ತಿಂಗಳಾಗಿತ್ತು.

ಪುಟ್ಟಬಸಮ್ಮ